ಮಾಲಿಕರ ವಕೀಲನ ಕರ್ತವ್ಯ

ಮಾಲಿಕರಿಗೆ ಕಾನೂನಿನ ಸಲಹೆಯಿತ್ತು ಜೀವಿಸುವ ನ್ಯಾಯವಾದಿಯು ಕಾರ್ಮಿಕರ ವೈರಿಯೇ ಸರಿ ಎಂಬ ಭಾವನೆಯು ಜನರಲ್ಲಿ ಬಲವಾಗಿ ಬೇರೂರಿದೆ. ವಿಚಾರಿಸಿ ನೋಡಿದರೆ, ಈ ವೃತ್ತಿಯ ಮುಖ್ಯ ಕಾರ್ಯವು ನಡೆಯುವುದು ಮಾಲಿಕನ ಕಚೇರಿಯಲ್ಲಿ, ವ್ಯಾಜ್ಯ ಹುಟ್ಟುವುದಕ್ಕೆ ಮೊದಲು. 1947ರ ಔದ್ಯೋಗಿಕ ವಿವಾದಗಳ ಕಾಯಿದೆಯ 36ನೆಯ ಕಲಮಿನ ಮೇರೆಗೆ, ಪ್ರತಿಪಕ್ಷದ ಸಮ್ಮತಿಯೂ ನ್ಯಾಯಾಧಿಕರಣದ ಅಪ್ಪಣೆಯೂ ಇಲ್ಲದೆ ವಕೀಲನು ಅಲ್ಲಿ ವಾದಿಸುವಂತೆಯೇ ಇರಲಿಲ್ಲ.

ಸಕಾಲದ ಸಲಹೆಯ ಬೆಲೆಯೆಷ್ಟೆಂಬುದಕ್ಕೆ ಒಂದು ನಿದರ್ಶನವುಂಟು. 1953ರಲ್ಲಿ ಆ ಕಾಯಿದೆಗೆ ಸೇರಿದ ನಿಯಮದಂತೆ, ವರ್ಷವೊಂದು ಎಡೆಬಿಡದೆ ದುಡಿದವನನ್ನು ಕೆಲಸಗಾರರು ಹೆಚ್ಚಾದರೆಂದು ಬಿಡಿಸಬೇಕಾದರೆ ಒಂದು ತಿಂಗಳ ನೋಟೀಸನ್ನು ಇಲ್ಲವೆ ಅದರ ಬದಲು ಸಂಬಳವನ್ನು ಕೊಟ್ಟು, ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನವನ್ನೂ ಆಗಲೇ ಸಲ್ಲಿಸಬೇಕಾಗಿತ್ತು. ಮುಂಬಯಿಯ ಸರಕಾರಿ ಆಸ್ಪತ್ರೆಯಲ್ಲಿ ವಾರ್ಡಿನ ಇಬ್ಬರು ಸೇವಕರನ್ನು ಈ ಪರಿಹಾರ ಕೊಡದೆ ಬಿಡಿಸಲಾಯಿತು. ಆಸ್ಪತ್ರೆಗೆ ಈ ಕಾಯಿದೆ ಅನ್ವಯಿಸದೆಂಬ ಸರಕಾರದ ವಾದವನ್ನು ಸುಪ್ರೀಂ ಕೋರ್ಟು 1960ರಲ್ಲಿ ತಳ್ಳಿಹಾಕಿ, ಬಿಡಿಸಿದ ಕ್ರಮವೇ ಅಸಿಂಧುವೆಂದು ತೀರ್ಮಾನಿಸಿತು. ಸರಕಾರದಂಥ ಮಾಲಿಕನೇ ಹೀಗೆ ಎಡವಿದ ಮೇಲೆ ಸಣ್ಣ ಕಾರಖಾನೆದಾರನ ಪಾಡೇನು?

2025ರ ನವೆಂಬರ್ 21ರಿಂದ ಹಳೆಯ ಕಾಯಿದೆಯ ಸ್ಥಾನಕ್ಕೆ ಔದ್ಯೋಗಿಕ ಸಂಬಂಧಗಳ ಸಂಹಿತೆಯು ಬಂದಿದೆ. ಕಲಮುಗಳು ಬದಲಾದರೂ ವಕೀಲನ ಕರ್ತವ್ಯವು ಬದಲಾಗಿಲ್ಲ. ಧಣಿಯ ಮಾತಿಗೆಲ್ಲ ತಲೆದೂಗುವವನು ಅವನ ಹಿತಚಿಂತಕನಾಗಲಾರನು. ‘ಇದು ಕೂಡದು’ ಎಂದು ವೇಳೆಗೆ ಸರಿಯಾಗಿ ಹೇಳುವ ಧೈರ್ಯವಿದ್ದರೆ ಮಾಲಿಕನಿಗೆ ದಂಡವೂ ತಪ್ಪುವುದು, ದುಡಿಯುವವನ ಅನ್ನವೂ ಉಳಿಯುವುದು.