ಅರ್ಫಜ್ ಗಿಡದ ಬುಡದಲ್ಲಿ ನಿಂತ ಮರಳು

ಊರಿನ ಫೋನುಗಳಲ್ಲಿ ಸಂಬಳದ ವಿಚಾರ ಮುಗಿದೊಡನೆ ಬರುವ ಪ್ರಶ್ನೆ ಕುವೈತಿನ ಸೆಕೆಯದು. 2016ರ ಜುಲೈ 21ರಂದು ಇಲ್ಲಿಯ ಮಿತ್ರಿಬಾದಲ್ಲಿ 53.9 ಡಿಗ್ರಿ ಸೆಲ್ಸಿಯಸ್ ದಾಖಲಾದುದು ನಿಜ. ಆದರೆ ಸೆಕೆಗೆ ಹವಾನಿಯಂತ್ರಕವುಂಟು. ನನ್ನನ್ನು ಕಾಡುವುದು ಧೂಳು.

ಕಾಡ್ಗಿಚ್ಚು ಹೊತ್ತಲು ಇಲ್ಲಿ ಕಾಡಿಲ್ಲ. ಆದರೂ ಈ ನೆಲ ಉರಿದಿದೆ. 1991ರಲ್ಲಿ ಹಿಮ್ಮೆಟ್ಟುತ್ತಿದ್ದ ಇರಾಕಿ ಸೇನೆ ಆರುನೂರಕ್ಕೂ ಹೆಚ್ಚು ತೈಲಬಾವಿಗಳಿಗೆ ಬೆಂಕಿಯಿಟ್ಟಿತು. ಕೊನೆಯ ಬಾವಿಯನ್ನು ಮುಚ್ಚಿದ್ದು ನವೆಂಬರ್ 6ರಂದು. ಎಣ್ಣೆ ತಗ್ಗುಗಳಲ್ಲಿ ಕೆರೆಯಾಗಿ ನಿಂತಿತು, ಮಸಿ ಮರಳಿನೊಡನೆ ಬೆರೆತು ಡಾಂಬರಿನಂತೆ ಗಟ್ಟಿಯಾಯಿತು, ಯುದ್ಧವಾಹನಗಳು ನೆಲದ ಮೇಲ್ಪದರವನ್ನು ಸೀಳಿದವು.

ಆ ನೆಲಕ್ಕೆ ಮತ್ತೆ ಹಸಿರು ತರುವ ಪ್ರಯತ್ನದಲ್ಲಿ ಕುವೈತ್ ವೈಜ್ಞಾನಿಕ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳಿದ್ದಾರೆ. ಹೊರದೇಶದ ಮರಗಳಿಗಿಂತ ಸ್ಥಳೀಯ ಗಿಡಗಳನ್ನೇ ಅವರು ನೆಚ್ಚಿರುವುದು ನನಗೆ ವಿವೇಕವೆನಿಸುತ್ತದೆ. ಅವುಗಳಲ್ಲಿ ಮುಖ್ಯವಾದುದು ಅರ್ಫಜ್, ಈ ದೇಶದ ರಾಷ್ಟ್ರೀಯ ಪುಷ್ಪ. ಮೊಣಕಾಲೆತ್ತರದ ಈ ಪೊದೆ ಗಾಳಿಯ ವೇಗವನ್ನು ತಗ್ಗಿಸುತ್ತದೆ; ಹಾರಿಬಂದ ಮರಳು ಬುಡದಲ್ಲಿ ದಿಬ್ಬವಾಗುತ್ತದೆ, ಅಲ್ಲೇ ಇತರ ಬೀಜಗಳೂ ನೆಲೆ ಕಾಣುತ್ತವೆ. ಬೇಲಿಯೊಂದನ್ನು ಹಾಕಿ ಒಂಟೆ, ಕುರಿಗಳನ್ನು ದೂರವಿಟ್ಟರೆ ಅರ್ಧ ಕೆಲಸ ಆದಂತೆ. ಇರಾಕಿನ ಬಯಲಿನಿಂದ ಬರುವ ಧೂಳನ್ನು ಯಾವ ಬೇಲಿಯೂ ತಡೆಯದು, ಅದು ಬೇರೆ ಮಾತು.

ವರ್ಷಕ್ಕೆ ಇಲ್ಲಿ ಸುರಿಯುವ ಮಳೆ ಸುಮಾರು 110 ಮಿಲಿಮೀಟರ್. ಮಂಗಳೂರಿನಲ್ಲಿ ಆಷಾಢದ ಒಂದು ದಿನಕ್ಕೆ ಅಷ್ಟು ಬರುವುದುಂಟು. ಚಳಿಗಾಲದಲ್ಲಿ ಮರಳುಗಾಡಿನಲ್ಲಿ ಡೇರೆ ಹಾಕಲು ಗೆಳೆಯರು ಕರೆದರೆ ಹೋಗಿಬನ್ನಿ, ಜೀಪನ್ನು ಮಾತ್ರ ಹಳೆಯ ದಾರಿಯಲ್ಲೇ ಓಡಿಸಲು ಹೇಳಿ. ಒಣಕಡ್ಡಿಯಂತೆ ಕಾಣುವ ಆ ಪೊದೆ ಬಹುಮಟ್ಟಿಗೆ ಜೀವಂತವಾಗಿಯೇ ಇರುತ್ತದೆ.