ಮಳೆಯ ಲೆಕ್ಕವನ್ನು ಯಾರಿಗೆ ಒಪ್ಪಿಸಬೇಕು?

ಕೊಡಗಿನ ದಕ್ಷಿಣ ಭಾಗದಲ್ಲಿ, ಬ್ರಹ್ಮಗಿರಿ ಶ್ರೇಣಿಗೆ ಸಮೀಪವಾಗಿ ಹುದಿಕೇರಿ ಎಂಬ ಊರಿದೆ. ಇಂದಿನ ಪೊನ್ನಂಪೇಟೆ ತಾಲ್ಲೂಕಿನ ಹೋಬಳಿ ಕೇಂದ್ರವಿದು. ಗೋಣಿಕೊಪ್ಪಲಿನಿಂದ ಪೊನ್ನಂಪೇಟೆಯ ಮೂಲಕ ಶ್ರೀಮಂಗಲ, ಕುಟ್ಟದ ಕಡೆಗೆ ಸಾಗುವವರಿಗೆ ಇಲ್ಲಿಯ ನೆಲದ ರಚನೆ ಒಂದೇ ನೋಟಕ್ಕೆ ತಿಳಿಯುತ್ತದೆ. ಕೆಳಗೆ ಬತ್ತದ ಗದ್ದೆ, ಅದರ ಮೇಲೆ ಕಾಫಿಯ ತೋಟ, ಅದಕ್ಕೂ ಮೇಲೆ ಕಾಡು. ಇವೆಲ್ಲವನ್ನೂ ಪೋಣಿಸಿದ ದಾರದಂತೆ ಹರಿದು ಬರುವ ತೊರೆಗಳು. ಇರ್ಪುವಿನ ಮೇಲಣ ಬೆಟ್ಟಗಳಲ್ಲಿ ಹುಟ್ಟುವ ಲಕ್ಷ್ಮಣತೀರ್ಥ ನದಿಯು ಈ ದಕ್ಷಿಣ ಕೊಡಗಿನ ನೀರನ್ನು ಕೂಡಿಸಿಕೊಂಡು ಹುಣಸೂರಿನ ಮೇಲೆ ಹಾಯ್ದು, ಕೃಷ್ಣರಾಜಸಾಗರದಲ್ಲಿ ಕಾವೇರಿಯೊಡನೆ ಒಂದಾಗುತ್ತದೆ. ಹೀಗಾಗಿ ಇಲ್ಲಿಯ ಬೆಟ್ಟದ ಸಂಗತಿ ಇಲ್ಲಿಯವರದು ಮಾತ್ರವಲ್ಲ; ಬಯಲುಸೀಮೆಯಲ್ಲಿ ಕುಳಿತು ಈ ಮಾಸಪತ್ರಿಕೆಯನ್ನು ಓದುತ್ತಿರುವ ಅನೇಕ ಮನೆಗಳ ಕೊಡದೊಳಗಿನ ನೀರಿನದೂ ಹೌದು.

ಕೆಲವು ಕಾಲದ ಹಿಂದೆ ಆ ಭಾಗದ ವಯೋವೃದ್ಧ ಬೆಳೆಗಾರರೊಬ್ಬರ ಮನೆಯಲ್ಲಿ ಒಂದು ರಾತ್ರಿ ತಂಗಿದ್ದೆನು. ಕೊಡಗಿನ ತೋಟದ ಮನೆಗಳಲ್ಲಿ ಮಳೆಯನ್ನು ಅಳೆದು ದಿನದಿನವೂ ಬರೆದಿಡುವ ಒಳ್ಳೆಯ ರೂಢಿಯುಂಟು. ಅವರ ಬಾಯಲ್ಲಿ ಮಳೆಯ ಲೆಕ್ಕವೆಂದರೆ ಇಂದಿಗೂ ಇಂಚು ಮತ್ತು ಸೆಂಟು. ಹಿರಿಯರು ತಂದೆಯ ಕಾಲದ ಪುಸ್ತಕವನ್ನೂ ತಮ್ಮ ಪುಸ್ತಕವನ್ನೂ ನನ್ನ ಮುಂದೆ ಬಿಚ್ಚಿಟ್ಟರು. “ನೋಡಿ ಗುರುಗಳೇ, ಆಗ ಕಕ್ಕಡ ತಿಂಗಳೆಂದರೆ ಬಿಡದೆ ಸುರಿಯುವ ಜಡಿಮಳೆ, ಒಂದು ದಿನವೂ ಖಾಲಿ ಇಲ್ಲ. ಈಗ ವಾರಗಟ್ಟಲೆ ಒಣಗಿ, ಆಮೇಲೆ ನಾಲ್ಕೇ ದಿನದಲ್ಲಿ ತಿಂಗಳ ಮಳೆ ಬೀಳುತ್ತದೆ. ಇಷ್ಟೆಲ್ಲ ಬರೆದಿಟ್ಟಿದ್ದೇನೆ. ಇದನ್ನು ಯಾರಿಗೆ ಒಪ್ಪಿಸಬೇಕು, ಹೇಳಿ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣವಾಯಿತು.

ಅವರ ಅನುಭವಕ್ಕೂ ವಿಜ್ಞಾನಿಗಳ ಮಾತಿಗೂ ವಿರೋಧವಿಲ್ಲ. ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹೊರಬಲ್ಲ ನೀರಾವಿಯ ಪ್ರಮಾಣ ಸುಮಾರು ಶೇಕಡಾ 7ರಷ್ಟು ಹೆಚ್ಚುತ್ತದೆ. ಅರಬ್ಬೀ ಸಮುದ್ರ ಕಾಯುತ್ತಿದೆ. ಆದುದರಿಂದ ವರ್ಷದ ಒಟ್ಟು ಮಳೆ ಅಷ್ಟೇನೂ ಬದಲಾಗದಿದ್ದರೂ ಅದು ಬೀಳುವ ರೀತಿ ಬದಲಾಗುತ್ತದೆ. ತಿಂಗಳುಗಳ ಕಾಲ ಹಂಚಿಹೋಗಿ ಬಿದ್ದಾಗ ಬೆಟ್ಟ ಕುಡಿದು ಅರಗಿಸಿಕೊಳ್ಳುತ್ತಿದ್ದ ನೀರು, ಕೆಲವೇ ದಿನಗಳಲ್ಲಿ ಒಟ್ಟಾಗಿ ಬಿದ್ದಾಗ ಮಣ್ಣಿನೊಳಗೆ ನುಗ್ಗಿ, ಅಡಿಯ ಬಂಡೆಯ ಮೇಲಿನ ಹಿಡಿತವನ್ನು ಸಡಿಲಿಸಿ, ಗುಡ್ಡವನ್ನೇ ಜಾರಿಸಿಬಿಡುತ್ತದೆ.

2018ರ ಆಗಸ್ಟ್ ತಿಂಗಳಿನಲ್ಲಿ ಮಡಿಕೇರಿಯ ಸುತ್ತಲಿನ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ ಮುಂತಾದ ಕಡೆ ಆದುದು ಇದೇ. ಮರುವರ್ಷ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ ಬೆಟ್ಟ ಜಾರಿ ಮನೆಮಂದಿಯನ್ನು ನುಂಗಿತು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಸನ್ನಿಧಿಯಲ್ಲಿಯೇ ಗಜಗಿರಿ ಕುಸಿದು ಅರ್ಚಕರ ಮನೆ ಮಣ್ಣಾಯಿತು. 2018ರ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ತಜ್ಞರು ಅತಿವೃಷ್ಟಿಯೊಂದನ್ನೇ ದೂರಲಿಲ್ಲ. ರಸ್ತೆಗೆ, ಮನೆಗೆ, ತೋಟಕ್ಕೆ ಇಳಿಜಾರನ್ನು ಕಡಿದುದನ್ನೂ ಕಾರಣವೆಂದು ಎತ್ತಿ ತೋರಿಸಿದರು. ಹೀಗೆ ಕಡಿದ ಮಣ್ಣಿನ ಗೋಡೆಯನ್ನು ಕೊಡಗಿನಲ್ಲಿ ‘ಬರೆ’ ಎನ್ನುತ್ತಾರೆ. ಬರೆ ಕುಸಿಯಿತೆಂಬ ಸುದ್ದಿಯಿಲ್ಲದೆ ಅಲ್ಲಿ ಈಗ ಮಳೆಗಾಲ ಮುಗಿಯುವುದಿಲ್ಲ. ಮಳೆ ನಮ್ಮ ಕೈಯಲ್ಲಿಲ್ಲ, ನಿಜ. ಬರೆ ಕಡಿಯುವ ಕೈ ಮಾತ್ರ ನಮ್ಮದೇ.

ಹಿಂದಿನವರು ಬೆಟ್ಟವನ್ನು ಹೇಗೆ ಆಳಿದರೆಂಬುದನ್ನು ಇಲ್ಲಿ ನೆನೆಯಬೇಕು. ಕೊಡಗನ್ನು ಎರಡು ಶತಮಾನಕ್ಕೂ ಮಿಕ್ಕು ಆಳಿದ ಹಾಲೇರಿ ಅರಸರು ಲಿಂಗವಂತರೆಂಬುದು ನಮ್ಮ ಓದುಗರಿಗೆ ತಿಳಿದ ಸಂಗತಿ. ಅವರ ಕಾಲದಲ್ಲಿ ರೂಢವಾಗಿದ್ದು, 1834ರಲ್ಲಿ ನಾಡು ಬ್ರಿಟಿಷರ ವಶವಾದ ಮೇಲೆಯೂ ಉಳಿದುಬಂದ ಜಮ್ಮಾ ಹಿಡುವಳಿಯ ಪದ್ಧತಿಯಲ್ಲಿ, ಗದ್ದೆಯ ಜೊತೆಗೆ ‘ಬಾಣೆ’ ಎಂಬ ಮೇಲಣ ಕಾಡುನೆಲ ಸೇರಿರುತ್ತಿತ್ತು. ಗೊಬ್ಬರಕ್ಕೆ ಸೊಪ್ಪು, ಒಲೆಗೆ ಸೌದೆ, ದನಕ್ಕೆ ಮೇವು ಅಲ್ಲಿಂದ ಬರಬೇಕು. ಬಾಣೆಯನ್ನು ಗದ್ದೆಯಿಂದ ಬೇರ್ಪಡಿಸಿ ಪರಭಾರೆ ಮಾಡುವಂತಿರಲಿಲ್ಲ. ಇದರೊಡನೆ ಊರೂರಿಗೂ ದೇವರಕಾಡು. ಕೊಡಗಿನಲ್ಲಿ ಇಂಥ ಕಾಡುಗಳ ಸಂಖ್ಯೆ ಸಾವಿರವನ್ನು ಮೀರುತ್ತದೆ. ಮೇಲಿನ ಕಾಡು ಕೆಟ್ಟರೆ ಕೆಳಗಿನ ಗದ್ದೆ ಕೆಡುತ್ತದೆ ಎಂಬ ತಿಳಿವಳಿಕೆ ಆ ವ್ಯವಸ್ಥೆಯಲ್ಲಿಯೇ ಅಡಗಿತ್ತು.

ಆ ಕಾಲವನ್ನು ಹೊಗಳುವುದಷ್ಟೇ ನನ್ನ ಉದ್ದೇಶವಲ್ಲ. ಆ ಪದ್ಧತಿಯಲ್ಲಿ ನೆಲದ ಹಕ್ಕು ಕೆಲವರಿಗೆ ಮಾತ್ರ ದಕ್ಕಿತ್ತು. ಅದೇ ಗದ್ದೆಯಲ್ಲಿ ದುಡಿದ ಯರವ ಮೊದಲಾದವರಿಗೆ ನೆಲವೂ ಇರಲಿಲ್ಲ, ಮಾತೂ ಇರಲಿಲ್ಲ. ಹುದಿಕೇರಿಯ ಹೆಸರನ್ನೇ ಹೋಲುವ ನೆಲ್ಯಹುದಿಕೇರಿ ಕಾವೇರಿಯ ದಂಡೆಯ ಬೇರೊಂದು ಊರು. 2019ರ ಪ್ರವಾಹದಲ್ಲಿ ಅಲ್ಲಿ ಮನೆ ಕಳೆದುಕೊಂಡವರಲ್ಲಿ ಬೇರೆಲ್ಲಿಯೂ ನೆಲ ಸಿಗದೆ ನದಿಯಂಚಿನಲ್ಲಿ ನೆಲೆಸಿದ್ದ ಕೂಲಿಕಾರರು ಅನೇಕರು. ಹಳೆಯದರಿಂದ ನಾವು ಕಲಿಯಬೇಕಾದುದು ಬೆಟ್ಟ–ಗದ್ದೆಗಳ ನಂಟನ್ನು; ಅದರ ಅಸಮಾನತೆಯನ್ನಲ್ಲ.

ಇಂದಿನ ಸ್ಥಿತಿಯೇನು? ಕಾಡು ಅರಣ್ಯ ಇಲಾಖೆಗೆ, ಪೈಸಾರಿ ಕಂದಾಯ ಇಲಾಖೆಗೆ, ಬರೆ ಕಡಿದು ಮಾಡಿದ ರಸ್ತೆ ಲೋಕೋಪಯೋಗಿ ಇಲಾಖೆಗೆ, ಮನೆ ಕಟ್ಟುವ ಪರವಾನಗಿ ಪಂಚಾಯಿತಿಗೆ, ಕಾಫಿ ಮಂಡಳಿಗೆ. ತೊರೆ ಮಾತ್ರ ಯಾರಿಗೂ ಸೇರಿಲ್ಲ. ಮೇಲಿನಿಂದ ಕೆಳಕ್ಕೆ ಹರಿಯುವ ನೀರು ಈ ಗಡಿಗಳನ್ನು ಲೆಕ್ಕಿಸುವುದೇ? ಕಾನೂನಿನ ಉದ್ದೇಶ ಒಳ್ಳೆಯದಿದ್ದರೂ ಫಲ ವಿಪರೀತವಾಗುವುದುಂಟು. ತೋಟದಲ್ಲಿ ತಾನೇ ಬೆಳೆಸಿದ ನಾಡಮರವನ್ನು ಕಡಿಯಲು ರೈತನಿಗೆ ಅನುಮತಿ ಬೇಕು. ಅನೇಕ ಬಾಣೆಗಳಲ್ಲಿ ಮರದ ಮೇಲಿನ ಹಕ್ಕೇ ಅವನದಲ್ಲ. ಸಿಲ್ವರ್ ಓಕ್ ಮರಕ್ಕೆ ಈ ಕಟ್ಟಳೆಯಿಲ್ಲ. ಆದುದರಿಂದ ನೆರಳಿಗೆ ಅದನ್ನೇ ನೆಡುವವರು ಹೆಚ್ಚಿದರು. ಮರವನ್ನು ಉಳಿಸಲು ಮಾಡಿದ ಕಟ್ಟಳೆಯೇ ನಾಡಮರವನ್ನು ತೋಟದಿಂದ ಹೊರಗಟ್ಟಿತು. ಇತ್ತ ಖರ್ಚು ಹುಟ್ಟದ ಬತ್ತವನ್ನು ಬಿಟ್ಟು ಗದ್ದೆಯನ್ನು ಪಾಳು ಕೆಡವಿದವರೂ ಹಲವರು. ಏರಿಯೊಳಗೆ ಮಳೆನೀರನ್ನು ತಡೆದು ನಿಲ್ಲಿಸುತ್ತಿದ್ದ ಗದ್ದೆ ಹೋದರೆ ಹೋಗುವುದು ಬತ್ತವೊಂದೇ ಅಲ್ಲ.

ಮಾಧವ ಗಾಡ್ಗೀಳರ ಅಧ್ಯಕ್ಷತೆಯ ಸಮಿತಿ 2011ರಲ್ಲಿ ಪಶ್ಚಿಮಘಟ್ಟಗಳ ಬಗ್ಗೆ ವರದಿ ಒಪ್ಪಿಸಿತು. ಗ್ರಾಮಸಭೆಯ ಮಾತಿಗೆ ಬೆಲೆ ಕೊಡಬೇಕೆಂಬುದು ಅದರ ಒಂದು ಮುಖ್ಯ ಆಶಯ. ಕಸ್ತೂರಿರಂಗನ್ ಸಮಿತಿಯ ವರದಿ 2013ರಲ್ಲಿ ಬಂದಿತು. ಬಳಿಕ 2014ರಿಂದ 2024ರವರೆಗೆ ಕೇಂದ್ರ ಸರ್ಕಾರ ಆರು ಬಾರಿ ಕರಡು ಅಧಿಸೂಚನೆ ಹೊರಡಿಸಿತು. ವಯನಾಡಿನ ಭೀಕರ ಭೂಕುಸಿತದ ಮರುದಿನ, ಅಂದರೆ 2024ರ ಜುಲೈ 31ರಂದು, ಆರನೆಯದು ಹೊರಟಿತು. ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಈ ಹಗ್ಗಜಗ್ಗಾಟದಲ್ಲಿ ಬೆಟ್ಟದ ಜನರಿಗೆ ಕೇಳಿಸಿದ್ದು ಒಂದೇ ಮಾತು: ‘ನಿಮ್ಮನ್ನು ಒಕ್ಕಲೆಬ್ಬಿಸುತ್ತಾರೆ’. ಅವರೆದುರಿಗೆ ಕುಳಿತು, ಅವರ ನುಡಿಯಲ್ಲಿ ನಕ್ಷೆಯನ್ನು ಬಿಡಿಸಿ ಹೇಳಿದವರು ವಿರಳ. ಭಯಗೊಂಡ ಜನರಿಂದ ಬೆಟ್ಟವನ್ನು ಕಾಯಿಸುವುದು ಸಾಧ್ಯವಿಲ್ಲ.

ಬೇರೆ ಬೆಟ್ಟನಾಡುಗಳು ಈ ಪಾಠವನ್ನು ಎಂದೋ ಕಲಿತಿವೆ. ಸ್ವಿಟ್ಜರ್‌ಲೆಂಡ್ ದೇಶದಲ್ಲಿ 1868ರ ಮಹಾಪ್ರವಾಹದ ತರುವಾಯ 1876ರಲ್ಲಿ ಕಾನೂನು ತಂದು, ಬೆಟ್ಟದ ಕಾಡು ಕುಗ್ಗಕೂಡದೆಂದು ವಿಧಿಸಿದರು; ಆದರೂ ಕಾಡಿನ ಬಹುಪಾಲು ಊರ ಸಮುದಾಯಗಳ ಒಡೆತನದಲ್ಲಿಯೇ ಉಳಿಯಿತು. ನಮ್ಮ ಕುಮಾವೂ ಸೀಮೆಯಲ್ಲಿ, ಅರಣ್ಯ ಕಾನೂನಿನ ವಿರುದ್ಧ ಜನ ಸಿಡಿದೆದ್ದ ಮೇಲೆ, 1931ರಲ್ಲಿ ವನ ಪಂಚಾಯಿತಿಗಳಿಗೆ ನಿಯಮ ರೂಪುಗೊಂಡಿತು. ಮೇಲಿನ ಕಟ್ಟಳೆ, ಕೆಳಗಿನ ಹೊಣೆ ಇವೆರಡೂ ಕೂಡಿದಲ್ಲಿಯೇ ಬೆಟ್ಟ ಉಳಿದೀತು.

ಹೊಸ ಕಾನೂನಿಗಾಗಿ ಕಾಯಬೇಕಾಗಿಲ್ಲ. 2002ರ ಜೈವಿಕ ವೈವಿಧ್ಯ ಕಾಯಿದೆಯಂತೆ ಪ್ರತಿ ಪಂಚಾಯಿತಿಯಲ್ಲಿಯೂ ಒಂದು ಸಮಿತಿ ಇರಬೇಕು. 2005ರ ವಿಪತ್ತು ನಿರ್ವಹಣಾ ಕಾಯಿದೆಯಂತೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ಪ್ರಾಧಿಕಾರವಿದೆ. ಮಳೆಗಾಲಕ್ಕೆ ಮುನ್ನ ಒಂದು ಗ್ರಾಮಸಭೆ ಸೇರಲಿ. ಎಲ್ಲೆಲ್ಲಿ ಬರೆ ಕಡಿದಿದೆ, ಯಾವ ತೊರೆಯ ಬಾಯಿ ಮುಚ್ಚಿದೆ, ಯಾವ ಲೈನ್ ಮನೆ ಗುಡ್ಡದ ಬುಡದಲ್ಲಿದೆ ಎಂಬುದನ್ನು ಊರವರೇ ಗುರುತಿಸಲಿ. ಒಣಸೀಮೆಗೆ ಹಿತವಾದ ಇಂಗುಗುಂಡಿ ಇಲ್ಲಿಯ ಕಡಿದಾದ ಇಳಿಜಾರಿಗೆ ಅಪಾಯವಾದೀತೇ ಎಂದು ಭೂವಿಜ್ಞಾನಿಗಳನ್ನು ಕೇಳಿ ನಿರ್ಧರಿಸಲಿ. ಸರ್ಕಾರದ ಮಳೆಮಾಪಕಗಳ ಲೆಕ್ಕದೊಡನೆ ಮನೆಮನೆಯ ಪುಸ್ತಕದ ಲೆಕ್ಕವೂ ಸೇರಲಿ. ಎಷ್ಟು ಇಂಚು ಸುರಿದರೆ ಯಾವ ಮನೆಯವರು ಎಲ್ಲಿಗೆ ಹೋಗಬೇಕೆಂಬುದು ಮೊದಲೇ ಗೊತ್ತಾಗಲಿ. ಆ ಸಭೆಯಲ್ಲಿ ತೋಟದ ಒಡೆಯನಿಗೆ ಇರುವಷ್ಟೇ ಮಾತು ಲೈನ್ ಮನೆಯ ತಾಯಿಗೂ ಇರಲಿ. ಬೆಟ್ಟ ಜಾರಿದಾಗ ಮೊದಲು ಸಿಕ್ಕಿಕೊಳ್ಳುವವಳು ಅವಳೇ.

ಆ ಹಿರಿಯರಿಗೆ ಇಷ್ಟು ಮಾತನ್ನು ಪತ್ರದಲ್ಲಿ ಬರೆದು ಕಳುಹಿಸಿದ್ದೇನೆ. ಮಳೆಯ ಲೆಕ್ಕವನ್ನು ಊರಿನ ಸಭೆಗೆ ಒಪ್ಪಿಸಿ ಎಂದು. ಸಭೆ ಸೇರದಿದ್ದರೆ ಸೇರಿಸುವ ಹೊಣೆಯೂ ನಿಮ್ಮಂಥವರದೇ ಎಂದು. ಪುಸ್ತಕವನ್ನು ಮುಂದಿನ ಕಕ್ಕಡಕ್ಕೆ ಮೊದಲೇ ತೆರೆಯಬೇಕು. ಗುಡ್ಡ ಜಾರಿದ ಮರುದಿನ ಅದನ್ನು ತೆರೆದು ಫಲವಿಲ್ಲ.