ಜನಗಣತಿಯ ದಾಖಲೆಗಳಲ್ಲಿ ವೆಲ್ಷ್ ಭಾಷೆ

ಒಂದು ನುಡಿಯನ್ನಾಡುವವರು ಎಷ್ಟು ಮಂದಿ ಎಂದು ಎಣಿಸುವುದು ಸುಲಭವೆಂದು ತೋರಬಹುದು. ಆದರೆ ಎಣಿಕೆಗೆ ಮೊದಲು ಪ್ರಶ್ನೆಯುಂಟು. ಪ್ರಶ್ನೆಯ ರೂಪ ಎಂಥದೋ ಉತ್ತರದ ಅರ್ಥವೂ ಅಂಥದು. ಇದಕ್ಕೆ ವೇಲ್ಸ್ ನಾಡಿನ ಜನಗಣತಿ ಉತ್ತಮ ನಿದರ್ಶನ. ಬ್ರಿಟನ್ನಿನ ಪಶ್ಚಿಮದಲ್ಲಿರುವ ಈ ನಾಡಿನ ವೆಲ್ಷ್ ಭಾಷೆ ಇಂಗ್ಲಿಷಿನ ಉಪಭಾಷೆಯಲ್ಲ. ಕೆಲ್ಟಿಕ್ ವರ್ಗಕ್ಕೆ ಸೇರಿದ, ದೀರ್ಘ ಸಾಹಿತ್ಯ ಪರಂಪರೆಯುಳ್ಳ ಸ್ವತಂತ್ರ ಭಾಷೆ.

ಅಲ್ಲಿ ಭಾಷೆಯ ಪ್ರಶ್ನೆ ಮೊದಲು ಜನಗಣತಿಯನ್ನು ಸೇರಿದ್ದು 1891ರಲ್ಲಿ. ಒಂದೇ ಭಾಷೆ ಬಲ್ಲವರು ‘ಇಂಗ್ಲಿಷ್’ ಅಥವಾ ‘ವೆಲ್ಷ್’ ಎಂದೂ, ಉಭಯ ಭಾಷೆಗಳನ್ನು ಬಲ್ಲವರು ‘ಎರಡೂ’ ಎಂದೂ ಬರೆಯಬೇಕಾಗಿತ್ತು. ನಮ್ಮ ಜನಗಣತಿಯಲ್ಲಿ ಕೇಳುವ ಮಾತೃಭಾಷೆಯ ಪ್ರಶ್ನೆ ಇದಲ್ಲ. ಆಡಬಲ್ಲ ಶಕ್ತಿಯನ್ನು ಕುರಿತ ಪ್ರಶ್ನೆ. ಆದರೆ ಎಷ್ಟು ಬಲ್ಲವನು ಬಲ್ಲವನೆನಿಸುತ್ತಾನೆ? ಸಂತೆಯ ವ್ಯವಹಾರಕ್ಕೆ ಸಾಲುವಷ್ಟು ಇಂಗ್ಲಿಷ್ ಕಲಿತ ರೈತನು ‘ಎರಡೂ’ ಎನ್ನಬೇಕೋ ‘ವೆಲ್ಷ್’ ಎನ್ನಬೇಕೋ? ಅದನ್ನು ನಿರ್ಣಯಿಸುವ ಭಾರ ಉತ್ತರಿಸುವವನ ಮೇಲೆಯೇ ಬಿದ್ದಿತು.

ಇಂಗ್ಲಿಷ್ ಬಲ್ಲ ಅನೇಕರು ಕೇವಲ ‘ವೆಲ್ಷ್’ ಎಂದು ಬರೆಸಿದ್ದಾರೆಂದು 1893ರಲ್ಲಿ ಹೊರಬಂದ ಅಧಿಕೃತ ವರದಿ ಆಕ್ಷೇಪಿಸಿತು. ವೇಲ್ಸ್‌ನ ಜನರಿಂದಲೂ ದೂರುಗಳಿದ್ದವು: ವೆಲ್ಷ್ ಭಾಷೆಯ ನಮೂನೆಗಳು ಸಾಕಷ್ಟು ದೊರೆಯಲಿಲ್ಲ, ಇಂಗ್ಲಿಷ್ ನಮೂನೆಗಳನ್ನೇ ಕೊಡಲಾಯಿತು ಎಂದು. ಈ ವಿವಾದದ ಹಿಂದೆ ಒಂದು ಹಳೆಯ ನೋವಿತ್ತು. 1847ರ ಸರಕಾರಿ ಶಿಕ್ಷಣ ವರದಿಗಳು ವೆಲ್ಷ್ ಭಾಷೆಯನ್ನು ಜನರ ಪ್ರಗತಿಗೆ ಅಡ್ಡಿಯೆಂದು ಬಣ್ಣಿಸಿ, ಅವರ ನಡತೆಯನ್ನೂ ಹಳಿದಿದ್ದವು. ಅಂಥ ಅವಮಾನವನ್ನು ಉಂಡ ಸಮಾಜದಲ್ಲಿ ‘ವೆಲ್ಷ್’ ಎಂಬ ಉತ್ತರವು ಕೆಲವರಿಗೆ ಸಾಮರ್ಥ್ಯದ ವಿವರವಾಗಿರುವಂತೆಯೇ ಸ್ವಾಭಿಮಾನದ ಘೋಷಣೆಯೂ ಆಗಿದ್ದಿರಬಹುದು.

ದಾಖಲೆಯ ಸ್ವರೂಪವನ್ನೂ ವಿವೇಚಿಸಬೇಕು. 1891 ಮತ್ತು 1901ರಲ್ಲಿ ಮನೆಯವರು ತುಂಬಿದ ಮೂಲ ನಮೂನೆಗಳು ಉಳಿದಿಲ್ಲ. ಗಣತಿದಾರರು ನಕಲು ಮಾಡಿದ ಪುಸ್ತಕಗಳು ಮಾತ್ರ ಉಳಿದಿವೆ. ಆದುದರಿಂದ ಅಲ್ಲಿ ಕಾಣುವ ಉತ್ತರ ಇನ್ನೊಬ್ಬರ ಕೈಯನ್ನು ದಾಟಿ ಬಂದದ್ದು. 1911ರ ಕುಟುಂಬ ನಮೂನೆಗಳಾದರೋ ಲಭ್ಯವಿವೆ. 1901ರಿಂದ ಮೂರು ವರ್ಷ ತುಂಬಿದವರಿಗೆ ಮಾತ್ರ ಈ ಪ್ರಶ್ನೆ ಅನ್ವಯಿಸುತ್ತಿತ್ತು. ಆದ್ದರಿಂದ ಹಸುಳೆಯ ಹೆಸರಿನ ಮುಂದಿನ ಖಾಲಿ ಜಾಗಕ್ಕೆ ಆ ಮನೆಯಲ್ಲಿ ವೆಲ್ಷ್ ಇರಲಿಲ್ಲವೆಂಬ ಅರ್ಥ ಸಲ್ಲದು. 1911ರ ಕೆಲವು ನಮೂನೆಗಳಲ್ಲಿ ತಂದೆತಾಯಿಗಳು ಹಸುಳೆಗಳಿಗೂ ಭಾಷೆಯನ್ನು ಬರೆದಿರುವುದು, ಅಧಿಕಾರಿಗಳು ಅದನ್ನು ಹೊಡೆದುಹಾಕಿರುವುದು ಕಂಡುಬರುತ್ತದೆ. ನಿಯಮಕ್ಕೆ ಅದು ವ್ಯರ್ಥ, ಚರಿತ್ರೆಗೆ ಅಮೂಲ್ಯ.

ಒಟ್ಟು ಅಂಕೆಗಳಲ್ಲಿಯೂ ಇದೇ ಎಚ್ಚರ ಬೇಕು. 1901ರಲ್ಲಿ ವೆಲ್ಷ್ ಬಲ್ಲವರು 9,29,824, 1911ರಲ್ಲಿ 9,77,366. ಸಂಖ್ಯೆ ಏರಿತು. ಆದರೆ ಶೇಕಡಾ ಪ್ರಮಾಣ 49.9ರಿಂದ 43.5ಕ್ಕೆ ಇಳಿಯಿತು. ದಕ್ಷಿಣದ ಕಲ್ಲಿದ್ದಲ ಗಣಿಗಳನ್ನರಸಿ ಹೊರಗಿನಿಂದ ಬಹುಜನ ಬಂದು ನೆಲೆಸಿದ್ದು ಇದಕ್ಕೊಂದು ಮುಖ್ಯ ಕಾರಣ. ಸಂಖ್ಯೆಯನ್ನಷ್ಟೇ ನೋಡಿದವನಿಗೆ ಅದು ಏಳಿಗೆ. ಪ್ರಮಾಣವನ್ನಷ್ಟೇ ನೋಡಿದವನಿಗೆ ಅವನತಿ. 2021ರ ಗಣತಿಯಲ್ಲಿ ವೆಲ್ಷ್ ಆಡಬಲ್ಲವರ ಪ್ರಮಾಣ ಶೇಕಡಾ 17.8. ಅಲ್ಲಿ ಅರಿಯುವುದು, ಆಡುವುದು, ಓದುವುದು, ಬರೆಯುವುದು ಎಂದು ಪ್ರಶ್ನೆಯನ್ನೇ ವಿಂಗಡಿಸಲಾಗಿದೆ. ಹಳೆಯ ಗಣತಿಗಳೊಡನೆ ಹೋಲಿಸುವಾಗ ಈ ಅಂತರ ನೆನಪಿನಲ್ಲಿರಬೇಕು.

ಹೀಗಿರುವಾಗ ಒಂದು ಮನೆಯ ಉತ್ತರವನ್ನು ಓದುವವರು ಆ ಮನೆಯವರ ವಯಸ್ಸು, ಕಸುಬು, ಹುಟ್ಟೂರುಗಳನ್ನೂ ನೆರೆಮನೆಗಳ ಉತ್ತರಗಳನ್ನೂ ಕೂಡಿಸಿ ನೋಡುವುದು ಅವಶ್ಯಕ. ‘ವೆಲ್ಷ್’ ಎಂಬ ಒಂದೇ ಪದವನ್ನು ಕಂಡು ಹಿಂದಿನವರನ್ನು ಅಜ್ಞರೆಂದಾಗಲೀ ಸುಳ್ಳುಗಾರರೆಂದಾಗಲೀ ಎಣಿಸುವುದು ನ್ಯಾಯವಲ್ಲ. ತಮ್ಮ ಮುಂದಿಟ್ಟ ಮೂರೇ ಪದಗಳಲ್ಲಿ ಅವರು ತಮ್ಮ ಬಾಳಿನ ನುಡಿಯನ್ನು ಹೇಳಬೇಕಾಗಿತ್ತು.